ಯಾರ ಫೋನನ್ನೂ ಮುಟ್ಟದ ಹರಿಣಾಕ್ಷಿ

ಹರಿಣಾಕ್ಷಿಯನ್ನು ಮೊದಲ ಸಲ ಕಂಡ ದಿನ ನನಗೆ ಮೈಯೆಲ್ಲ ಉರಿದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಅವಳನ್ನು ಹೊಗಳುವುದನ್ನು ಓದಿ, ಇವರಿಬ್ಬರದು ಹಳೆಯ ಗೆಳೆತನ ಇರಬೇಕು ಎಂದು ಯಾರೂ ಅಂದುಕೊಳ್ಳುವುದು ಬೇಡ.

ನಾನು ಫ್ರೀಡಾ. ಕುವೈತ್‌ನ ಮಂಗಾಫ್‌ನಲ್ಲಿರುವ ಒಂದು ಇಂಡಿಯನ್ ಸ್ಕೂಲಿನಲ್ಲಿ ಇಪ್ಪತ್ತಾರು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಐದನೇ ತರಗತಿಯ ಬಿ ಸೆಕ್ಷನ್ನಿನ ಕ್ಲಾಸ್ ಟೀಚರ್. ಆಫೀಸಿನವರು ಕೇಳಿದ ಯಾವುದೇ ಕಾಗದವನ್ನು ಎಲ್ಲರಿಗಿಂತ ಮೊದಲು ಕೊಡುವುದು ಫೈವ್ ಬಿ. ಇದು ನನ್ನ ಹೆಮ್ಮೆ. ಇದೇ ನನ್ನ ಕಾಯಿಲೆಯೂ ಹೌದು.

ಮೂರು ವರ್ಷಗಳ ಹಿಂದೆ ಹರಿಣಾಕ್ಷಿ ನಮ್ಮ ಕಂಪ್ಯೂಟರ್ ಲ್ಯಾಬಿಗೆ ಅಸಿಸ್ಟೆಂಟ್ ಆಗಿ ಬಂದಳು. ಅಸಿಸ್ಟೆಂಟ್ ಎಂದರೆ ಪಾಠ ಮಾಡುವವಳಲ್ಲ. ಬೆಳಿಗ್ಗೆ ಮೆಷಿನ್‌ಗಳನ್ನು ಆನ್ ಮಾಡುವುದು, ಕೆಟ್ಟ ಮೌಸ್ ಬದಲಿಸುವುದು, ಮಕ್ಕಳು ಶೂ ಬಿಚ್ಚಿ ಒಳಗೆ ಬರುವಂತೆ ನೋಡಿಕೊಳ್ಳುವುದು, ಇಷ್ಟೇ ಅವಳ ಕೆಲಸ. ಆ ದಿನ ನನ್ನ ಕ್ಲಾಸಿನ ದೊಡ್ಡ ಸ್ಕ್ರೀನ್ ಹತ್ತಲಿಲ್ಲ. ಅವಳಿಗೆ ಹೇಳಿ ಕಳಿಸಿದೆ. ಬಂದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಪಕ್ಕದಲ್ಲಿ ನಿಂತಳು.

"ಎಡಗಡೆ ಮೇಲೆ ನೋಡಿ ಮಿಸ್. ಎಂತ ಕಾಣ್ತದೆ?"

"ನಂಗೆ ಎಂತದೂ ಕಾಣುದಿಲ್ಲ. ನೀನೇ ಬಂದು ಒತ್ತು ಮಾರಾಯ್ತಿ."

"ನೀವೇ ಒತ್ತಿ ಮಿಸ್. ತಪ್ಪಾದ್ರೆ ಸ್ಕೂಲೇನೂ ಬೀಳುದಿಲ್ಲ."

ಮೂವತ್ತನಾಲ್ಕು ಮಕ್ಕಳು ಕಿಸಕ್ಕೆಂದರು. ಅವಳ ಕೈ ಒಂದಿಂಚೂ ಮುಂದೆ ಬರಲಿಲ್ಲ. ಹತ್ತು ನಿಮಿಷ ಪರದಾಡಿ ನಾನೇ ಹತ್ತಿಸಿದೆ. ಅಂದಿನಿಂದ ಸ್ಕ್ರೀನಿನ ವಿಷಯಕ್ಕೆ ನಾನು ಯಾರನ್ನೂ ಕರೆದಿಲ್ಲ ಎಂಬುದು ನಿಜ. ಆದರೆ ಸಿಟ್ಟು ಮಾತ್ರ ಇಳಿಯಲಿಲ್ಲ.

ಅವಳು ಹೀಗೇಕೆ ಎಂದು ನನಗೆ ಗೊತ್ತಾದದ್ದು ತುಂಬಾ ತಡವಾಗಿ. ಅವಳ ಊರು ಕಿನ್ನಿಗೋಳಿ ಕಡೆ, ಮನೆಮಾತು ತುಳು. ಬಿಸಿಎ ಮುಗಿಸಿದವಳು. ಫಹಾಹೀಲಿನ ಒಂದು ಹೋಟೆಲಿನಲ್ಲಿ ಸೂಪರ್‌ವೈಸರ್ ಆಗಿರುವ ಯಶೋಧರನನ್ನು ಮದುವೆಯಾಗಿ ಕುವೈತಿಗೆ ಬಂದಳು. ಇಲ್ಲಿ ಸಿಕ್ಕಿದ ಮೊದಲ ಕೆಲಸ ಹವಲ್ಲಿಯ ಒಂದು ಮೊಬೈಲ್ ಅಂಗಡಿಯಲ್ಲಿ. ಅಂಗಡಿ ನಡೆಸುತ್ತಿದ್ದವರು ಉಳ್ಳಾಲದ ಸೈದು ಎಂಬ ಬ್ಯಾರಿ. ಹೆಂಗಸರು ತಮ್ಮ ಫೋನನ್ನು ಗಂಡಸರ ಕೈಗೆ ಕೊಡಲು ಹಿಂಜರಿಯುತ್ತಾರೆ, ಒಳಗೆ ಫೋಟೋಗಳಿರುತ್ತವಲ್ಲ. ಅದಕ್ಕೇ ಸೈದು ಅಂಗಡಿಯ ಮೂಲೆಗೊಂದು ಪರದೆ ಕಟ್ಟಿ, ಹಿಂದೆ ಮೇಜು ಹಾಕಿ, ಇವಳನ್ನು ಕೂರಿಸಿದರು.

ಒಂದು ದಿನ ಬೀಬಿ ಎಂಬ ಹೆಂಗಸು ಬಂದಳಂತೆ. ಅರಬ್ಬಿಗಳ ಮನೆಯಲ್ಲಿ ಕೆಲಸಕ್ಕಿದ್ದವಳು. ಮಗಳಿಗೆ ಒಂದು ಫೋಟೋ ಕಳಿಸಿಕೊಡು ಎಂದು ಫೋನನ್ನು ಕೈಗಿಟ್ಟಳು. ಹರಿಣಾಕ್ಷಿ ಗ್ಯಾಲರಿ ತೆರೆದರೆ ಬೀಬಿಯ ಪಾಸ್‌ಪೋರ್ಟು, ವಾಸದ ಪರವಾನಗಿ ಇಕಾಮಾ, ವೀಸಾ ಕೊಟ್ಟ ಯಜಮಾನ ಕಫೀಲನ ಮನೆಯ ಮಕ್ಕಳು, ಆಸ್ಪತ್ರೆಯ ರಿಪೋರ್ಟು ಎಲ್ಲ ಸಾಲಾಗಿ ಕಂಡವು. "ನಾನು ನೋಡಬಾರದ್ದನ್ನೆಲ್ಲ ಅರ್ಧ ನಿಮಿಷದಲ್ಲಿ ನೋಡಿಬಿಟ್ಟೆ ಮಿಸ್. ಅವಳಿಗೆ ಅದು ಗೊತ್ತೇ ಆಗಲಿಲ್ಲ, ಥ್ಯಾಂಕ್ಸ್ ಹೇಳಿ ಹೋದಳು," ಎಂದು ನನಗೆ ಹೇಳುವಾಗಲೂ ಅವಳ ಮುಖ ಸಣ್ಣದಾಗಿತ್ತು. ಮರುದಿನದಿಂದ ಅವಳು ಗಿರಾಕಿಗಳ ಫೋನ್ ಮುಟ್ಟುವುದನ್ನು ನಿಲ್ಲಿಸಿದಳು. ಕೈ ತಾನಾಗಿ ಮುಂದೆ ಹೋಗಬಾರದೆಂದು ಹಿಂದೆ ಕಟ್ಟಿಕೊಂಡು ನಿಂತು, ಬಾಯಲ್ಲೇ ದಾರಿ ಹೇಳಿ, ಅವರಿಂದಲೇ ಮಾಡಿಸಿದಳು. "ಎಲ್ಲರಿಗೂ ನೀನು ಕಲಿಸಿಬಿಟ್ರೆ ನಮ್ಮ ಅಂಗಡಿಗೆ ಬರೋದು ಯಾರು?" ಎಂದು ಸೈದು ಗೊಣಗಿದರು. ಆದರೆ ಕಲಿತ ಹೆಂಗಸರು ತಮ್ಮ ಗೆಳತಿಯರನ್ನು ಕರೆದುಕೊಂಡು ಬರತೊಡಗಿದಾಗ ಸುಮ್ಮನಾದರು.

ಇಂಥವಳು ನಮ್ಮ ಸ್ಕೂಲಿನಲ್ಲಿ ಮೌಸ್ ಒರೆಸುತ್ತಾ ಸುಮ್ಮನೆ ಇರುತ್ತಾಳೆಯೇ? ಕಳೆದ ವರ್ಷ ಒಂದು ತಮಾಷೆ ನಡೆಯಿತು. ಏಳನೇ ಕ್ಲಾಸಿನ ಉಡುಪಿ ಕಡೆಯ ಹುಡುಗನೊಬ್ಬ 'ನನ್ನ ಅಜ್ಜ' ಎಂಬ ಪ್ರಬಂಧ ಬರೆದ. ಅಂದರೆ ಕಂಪ್ಯೂಟರಿಗೆ ಹೇಳಿ ಬರೆಸಿದ. ಅದರಲ್ಲಿ ಅಜ್ಜ ಪಂಜಾಬಿನಲ್ಲಿ ಗೋಧಿ ಬೆಳೆದು, ಟ್ರ್ಯಾಕ್ಟರ್ ಮೇಲೆ ಕೂತು ಸೂರ್ಯಾಸ್ತ ನೋಡುತ್ತಿದ್ದರು. ಟೀಚರ್ ಹತ್ತಕ್ಕೆ ಹತ್ತು ಕೊಟ್ಟು, 'ಮನಮುಟ್ಟುವಂತಿದೆ' ಎಂದು ಕೆಂಪು ಶಾಯಿಯಲ್ಲಿ ಬರೆದರು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಹುಡುಗನಿಗೆ ಬೈದೆವು. ಹರಿಣಾಕ್ಷಿ ಬೈಯಲಿಲ್ಲ, ನೇರ ವೈಸ್ ಪ್ರಿನ್ಸಿಪಾಲ್ ಡ್ಯಾನಿಯಲ್ ಸರ್ ಹತ್ತಿರ ಹೋದಳು.

"ಸರ್, ಮಕ್ಕಳಿಗೆ ನಾನು ಹೇಳಿಕೊಟ್ರೆ ವಾರಕ್ಕೆ ಒಂದು ಪಿರಿಯಡ್. ಟೀಚರ್‌ಗಳಿಗೆ ಗೊತ್ತಾದ್ರೆ ದಿನಕ್ಕೆ ಎಂಟು ಪಿರಿಯಡ್. ನನಗೆ ಟೀಚರ್‌ಗಳನ್ನು ಕೊಡಿ."

ಹೀಗೆ ಬುಧವಾರದ ಕ್ಲಾಸು ಹುಟ್ಟಿತು. ಮಕ್ಕಳ ಬಸ್ಸು ಹೊರಟ ಮೇಲೆ ನಲವತ್ತು ನಿಮಿಷ ಟೀಚರ್‌ಗಳು ಲ್ಯಾಬಿನಲ್ಲಿ ಕೂರಬೇಕು. ಸುಳ್ಳು ಫೋಟೋ ಕಂಡುಹಿಡಿಯುವುದು ಹೇಗೆ, ಗಟ್ಟಿ ಪಾಸ್‌ವರ್ಡ್ ಎಂದರೇನು, ಕಂಪ್ಯೂಟರ್ ಬರೆದ ಉತ್ತರವನ್ನು ಮಕ್ಕಳ ಜೊತೆ ಕೂತು ಪರೀಕ್ಷಿಸುವುದು ಹೇಗೆ, ಹೀಗೆ ವಾರಕ್ಕೊಂದು. ನಾನು ಹೋಗುತ್ತಿದ್ದೆ, ಹಾಜರಿ ಇತ್ತಲ್ಲ! ಕೊನೆಯ ಸಾಲಿನಲ್ಲಿ ಕೂತು ಮಕ್ಕಳ ನೋಟ್ಸ್ ತಿದ್ದುತ್ತಿದ್ದೆ.

ಈ ವರ್ಷ ಅಕ್ಟೋಬರಿನಲ್ಲಿ ಆ ಕ್ಲಾಸಿಗೇ ಕುತ್ತು ಬಂತು. ಒಂದು ಕಂಪನಿಯವರು ಸೂಟು ಹಾಕಿಕೊಂಡು ಬಂದು, ನಲವತ್ತು ವಿಡಿಯೋಗಳ ಪ್ಯಾಕೇಜ್ ತೋರಿಸಿದರು. ಮಕ್ಕಳು ನೋಡಿದರೆ ಸಾಕು, ಟೀಚರ್‌ಗಳಿಗೆ ತೊಂದರೆಯೇ ಇಲ್ಲ, ಲ್ಯಾಬಿನವರು ಪ್ರೊಜೆಕ್ಟರ್ ಹಾಕಿದರೆ ಆಯಿತು. ಮ್ಯಾನೇಜ್‌ಮೆಂಟಿಗೆ ಇಷ್ಟವಾಯಿತು. ನಮ್ಮಲ್ಲಿ ಅರ್ಧ ಜನಕ್ಕೂ ಇಷ್ಟವಾಯಿತು, ಬುಧವಾರ ಬೇಗ ಮನೆಗೆ ಹೋಗಬಹುದಲ್ಲ. ಡ್ಯಾನಿಯಲ್ ಸರ್ ಮಾತ್ರ ಒಂದು ಅವಕಾಶ ಕೊಟ್ಟರು.

"ಹರಿಣಾಕ್ಷಿ, ಮುಂದಿನ ಗುರುವಾರ ಒಂದು ಓಪನ್ ಕ್ಲಾಸ್ ಇಡುವ. ಪೇರೆಂಟ್ಸ್ ಹಿಂದೆ ಕೂತು ನೋಡ್ಲಿ. ಪಾಠ ನೀವು ಮಾಡ್ಲಿಕ್ಕಿಲ್ಲ, ನೀವು ಕಲಿಸಿದ ಟೀಚರ್ ಮಾಡ್ಬೇಕು. ಚೆನ್ನಾಗಿ ಆಯ್ತು ಅಂದ್ರೆ ಬುಧವಾರ ಉಳೀತದೆ. ಇಲ್ಲದಿದ್ರೆ ಖಲಾಸ್, ನೀವು ಸ್ಟೋರ್ ನೋಡಿಕೊಳ್ಳಿ. ಯಾವ ಟೀಚರ್ ಹೇಳಿ."

ಅವಳು ನನ್ನ ಹೆಸರು ಹೇಳಿದಳು! ಸ್ಟಾಫ್ ರೂಮಿಗೆ ಸುದ್ದಿ ಬಂದಾಗ ನಾನು ಚಹಾದ ಲೋಟ ಕೆಳಗಿಟ್ಟು ಲ್ಯಾಬಿಗೆ ಓಡಿದೆ.

"ನಿಂಗೆ ತಲೆ ಸರಿ ಉಂಟಾ? ಇಷ್ಟು ಜನ ಚಿಕ್ಕ ವಯಸ್ಸಿನ ಟೀಚರ್‌ಗಳು ಇದ್ದಾರೆ. ನಾನೇ ಯಾಕೆ?"

"ಅವ್ರು ಮಾಡಿದ್ರೆ 'ಅವ್ರಿಗೆ ಬರ್ತದೆ ಬಿಡಿ' ಅಂತಾರೆ ಮಿಸ್. ನೀವು ಮಾಡಿದ್ರೆ ಎಲ್ರಿಗೂ ಧೈರ್ಯ ಬರ್ತದೆ."

ಇದು ಹೊಗಳಿಕೆಯೋ ಬೈಗುಳವೋ ಎಂದು ನನಗೆ ತಿಳಿಯಲಿಲ್ಲ. ಆದರೆ ಒಪ್ಪಿಕೊಂಡೆ. ಫೈವ್ ಬಿಯ ಮಾನದ ಪ್ರಶ್ನೆ ನೋಡಿ. ವಿಷಯವನ್ನೂ ಅವಳೇ ಕೊಟ್ಟಳು: ಅಪರಿಚಿತರಿಗೆ ತಿಳಿಯಬಾರದ ನಮ್ಮ ಸಂಗತಿಗಳು ಯಾವುವು, ಅವನ್ನು ಕಾಪಾಡಿಕೊಳ್ಳುವುದು ಹೇಗೆ.

ಈಗ ನಾನು ಮಾಡಿದ ಘನಕಾರ್ಯವನ್ನು ಹೇಳಬೇಕು.

ಓಪನ್ ಕ್ಲಾಸಿನ ವಾರದ ಸೋಮವಾರ ಆಫೀಸಿನವರು ಎಲ್ಲ ಮಕ್ಕಳ ಸಿವಿಲ್ ಐಡಿ ಪ್ರತಿ ಬೇಕೆಂದರು. ಕುವೈತಿನಲ್ಲಿ ಈ ಕಾರ್ಡಿಲ್ಲದೆ ಸಿಮ್ ಕಾರ್ಡಿನಿಂದ ಆಸ್ಪತ್ರೆಯ ಚೀಟಿಯವರೆಗೆ ಒಂದೂ ನಡೆಯುವುದಿಲ್ಲ. ಎಲ್ಲಿ ಹೋದರೂ 'ಬತಾಕಾ', ಅಂದರೆ ಕಾರ್ಡು ಕೊಡಿ, ಎಂದು ಕೈಚಾಚುತ್ತಾರೆ. ಕೇಳಿದ ಕೂಡಲೇ ಕೊಟ್ಟು ಕೊಟ್ಟು ನಮಗೆ ಅಭ್ಯಾಸವಾಗಿ ಹೋಗಿದೆ. ಕಾರ್ಡಿನ ಮುಂಭಾಗದಲ್ಲಿ ಫೋಟೋ, ಹೆಸರು, ಹುಟ್ಟಿದ ದಿನ, ಹನ್ನೆರಡು ಅಂಕೆಯ ನಂಬರು. ಹಿಂಭಾಗದಲ್ಲಿ ಏರಿಯಾ, ಬ್ಲಾಕು, ಬೀದಿ, ಕಟ್ಟಡ, ಫ್ಲ್ಯಾಟ್ ನಂಬರಿನ ಸಮೇತ ವಿಳಾಸ.

ರಾತ್ರಿ ಎಂಟೂ ನಲವತ್ತಕ್ಕೆ ನಾನು ಫೈವ್ ಬಿ ಪೇರೆಂಟ್ಸ್ ವಾಟ್ಸಾಪ್ ಗ್ರೂಪಿನಲ್ಲಿ ಬರೆದೆ: ಮಗುವಿನ ಸಿವಿಲ್ ಐಡಿ, ಎರಡೂ ಬದಿ, ಈಗಲೇ ಕಳಿಸಿ. ಯಾರೂ ಮಸುಕು ಫೋಟೋ ಕಳಿಸಬಾರದೆಂದು ಮಾದರಿಗಾಗಿ ನನ್ನದೇ ಕಾರ್ಡನ್ನು ಎರಡೂ ಬದಿ ತೆಗೆದು ಹಾಕಿದೆ! 'ಹೀಗೆ ಸ್ಪಷ್ಟವಾಗಿರಲಿ' ಎಂದೂ ಬರೆದೆ. ಎಂಟೂ ಐವತ್ತೆಂಟಕ್ಕೆ ಮೊದಲ ಕಾರ್ಡು ಬಂತು, ವೆನಿಸ್ಸಾಳದು. ಅವಳ ಅಮ್ಮನ ಹೆಸರು ಲೂರ್ಡ್ಸ್, ಆಸ್ಪತ್ರೆಯಲ್ಲಿ ನರ್ಸ್, ಯಾವುದಕ್ಕೂ ತಡಮಾಡುವವಳಲ್ಲ. ಆಮೇಲೆ ಒಂದರ ಹಿಂದೊಂದು. ಒಂಬತ್ತೂವರೆಯ ಹೊತ್ತಿಗೆ ಮೂವತ್ತಮೂರು ಮಕ್ಕಳ ಅರವತ್ತಾರು ಫೋಟೋ. ನಾನು ಪ್ರತಿಯೊಂದಕ್ಕೂ ಹೆಬ್ಬೆಟ್ಟು ತೋರಿಸಿ ಕುಣಿದಾಡಿದೆ.

ಬಾಕಿ ಉಳಿದದ್ದು ಒಂದೇ, ಅಶ್ಮಿತಾಳದು. ಅಶ್ಮಿತಾ ಹರಿಣಾಕ್ಷಿಯ ಮಗಳು. 'ರೋಲ್ ನಂಬರ್ ನಾಲ್ಕು ಮಾತ್ರ ಬಾಕಿ' ಎಂದು ಎಲ್ಲರೆದುರು ಬರೆದೆ. ಹರಿಣಾಕ್ಷಿ ಎರಡು ಸಲ ಫೋನ್ ಮಾಡಿದಳು. ನೆಪ ಹೇಳಲು ಇರಬೇಕೆಂದು ನಾನು ಎತ್ತಲಿಲ್ಲ. ಮಂಗಳವಾರ ಬೆಳಿಗ್ಗೆ ಕಂದು ಕವರಿನಲ್ಲಿ ಜೆರಾಕ್ಸ್ ತಂದು ಕೊಟ್ಟಳು.

"ಮಿಸ್, ಆ ಗ್ರೂಪಿನ ವಿಷಯ ಸ್ವಲ್ಪ ಮಾತಾಡ್ಲಿಕ್ಕುಂಟು."

"ಕಂಪ್ಯೂಟರ್‌ನವಳು ಪೇಪರ್ ತಂದು ಕೊಡ್ತಿ, ನಾಚಿಕೆ ಆಗುದಿಲ್ವಾ? ಈಗ ಮಾತಿಗೆಲ್ಲ ಟೈಮಿಲ್ಲ, ಗುರುವಾರ ಮುಗೀಲಿ," ಎಂದು ನಾನು ಅಸೆಂಬ್ಲಿಗೆ ಹೊರಟೆ.

ಗುರುವಾರ ಎಂಟೂವರೆಗೆ ಓಪನ್ ಕ್ಲಾಸ್ ಶುರುವಾಯಿತು. ಹಿಂದಿನ ಗೋಡೆಗೆ ಒತ್ತಿ ಹಾಕಿದ ಕುರ್ಚಿಗಳಲ್ಲಿ ಹದಿನೆಂಟು ಜನ ಪೇರೆಂಟ್ಸ್. ಡ್ಯೂಟಿ ಬದಲಿಸಿಕೊಂಡು ಬಂದ ಲೂರ್ಡ್ಸ್ ಮೊದಲ ಕುರ್ಚಿಯಲ್ಲಿ. ಬಾಗಿಲ ಹತ್ತಿರ ಡ್ಯಾನಿಯಲ್ ಸರ್, ಕೈಯಲ್ಲಿ ಒಂದು ಫಾರ್ಮ್. ಹರಿಣಾಕ್ಷಿ ಕಪಾಟಿನ ಪಕ್ಕ ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತಿದ್ದಳು.

ನಾನು ಚೆನ್ನಾಗಿ ಶುರು ಮಾಡಿದೆ, ಸುಳ್ಳು ಯಾಕೆ ಹೇಳಲಿ. ಬೀದಿಯಲ್ಲಿ ಸಿಕ್ಕ ಅಪರಿಚಿತನಿಗೆ ನೀವು ಹೇಳದ ಐದು ಸಂಗತಿಗಳನ್ನು ಬರೆಯಿರಿ ಎಂದೆ. ಮಕ್ಕಳು ಬರೆದರು: ಮನೆಯ ವಿಳಾಸ, ಹುಟ್ಟಿದ ದಿನ, ಅಪ್ಪನ ಫೋನ್ ನಂಬರು, ಪಾಸ್‌ವರ್ಡು. ಸಿವಿಲ್ ಐಡಿ ನಂಬರೂ ಬಂತು. ಆ ನಂಬರಿನೊಳಗೇ ಹುಟ್ಟಿದ ದಿನ ಅಡಗಿದೆ ಎಂದು ಒಬ್ಬಳು ಕಂಡುಹಿಡಿದಾಗ ಕ್ಲಾಸಿಗೆ ಕ್ಲಾಸೇ ಹೋ ಎಂದು ಕೂಗಿತು. ಡ್ಯಾನಿಯಲ್ ಸರ್ ಫಾರ್ಮಿನಲ್ಲಿ ಏನೋ ಟಿಕ್ ಹಾಕಿದರು. ನಾನು ಉಬ್ಬಿಹೋದೆ. ಈಗ ಎರಡನೇ ಪ್ರಶ್ನೆ: ಈ ಐದರಲ್ಲಿ ಯಾವುದಾದರೂ ಈಗಾಗಲೇ ನಿಮಗೆ ಗೊತ್ತಿಲ್ಲದವರ ಕೈಗೆ ಹೋಗಿದೆಯೇ?

ವೆನಿಸ್ಸಾ ಕೈ ಎತ್ತಿದಳು.

"ಮಿಸ್, ಮೈ ಸಿವಿಲ್ ಐಡಿ ಈಸ್ ಇನ್ ದ ಫೈವ್ ಬಿ ಗ್ರೂಪ್. ಬೋತ್ ಸೈಡ್ಸ್. ಯು ಆಸ್ಕ್ಡ್ ಫಾರ್ ಇಟ್."

'ಕೂತುಕೋ, ಅದು ಬೇರೆ ವಿಷಯ' ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಮಕ್ಕಳನ್ನು ಹಾಗೆ ಕೂರಿಸಿದ್ದೇನೋ. ಹರಿಣಾಕ್ಷಿಯ ಕಡೆ ನೋಡಿದೆ. ಅವಳ ಮುಖ ಬಿಳಚಿಕೊಂಡಿತ್ತು. ಪಾಠ ಹಾಳಾದರೆ ಹೋಗುವುದು ಅವಳ ಬುಧವಾರ, ನನ್ನದಲ್ಲ. ಮಗುವಿನ ಬಾಯಿ ಮುಚ್ಚಿಸಿದರೆ ಪಾಠ ಚೆಂದವಾಗಿ ಮುಗಿಯುತ್ತದೆ. ಆದರೆ ಆಮೇಲೆ ಈ ಮಕ್ಕಳಿಗೆ ನಾನು ಯಾವ ಮುಖದಿಂದ ಏನು ಕಲಿಸಲಿ?

ಅಷ್ಟರಲ್ಲಿ ಲೂರ್ಡ್ಸ್ ಎದ್ದಳು. "ಮಿಸ್, ಅದರಲ್ಲಿ ನಮ್ಮ ಫ್ಲ್ಯಾಟ್ ನಂಬರ್ ಸಹ ಉಂಟು. ಮಹಬೂಲಾದಲ್ಲಿ ನಾನು ಡ್ಯೂಟಿಯಿಂದ ಬರುವವರೆಗೆ, ನಾಲ್ಕು ಗಂಟೆವರೆಗೆ, ಅವಳೊಬ್ಬಳೇ ಇರೂದು. ಆ ಗ್ರೂಪಲ್ಲಿ ಎಷ್ಟು ಜನ ಇದ್ದಾರೆ?"

ನಾನು ಫೋನ್ ತೆಗೆದು ನೋಡಿದೆ. ತೊಂಬತ್ತೊಂದು! ಮೂರನೇ ಕ್ಲಾಸಿನಿಂದ ಎಳೆದುಕೊಂಡು ಬಂದ ಗ್ರೂಪು ಅದು. ಕೆನಡಾಕ್ಕೆ ಹೋದ ಕುಟುಂಬಗಳು ಅದರಲ್ಲಿದ್ದವು. ಆನ್ಯುವಲ್ ಡೇಗೆ ಬಟ್ಟೆ ಬಾಡಿಗೆಗೆ ಕೊಟ್ಟವನಿದ್ದ, ಗ್ರೂಪ್ ಫೋಟೋ ತೆಗೆದವನಿದ್ದ. ಹೆಸರೇ ಇಲ್ಲದ ಏಳು ನಂಬರುಗಳಿದ್ದವು. ಅವರನ್ನೆಲ್ಲ ಸೇರಿಸಿದ್ದು ನಾನೇ.

"ತಪ್ಪು ನನ್ನದು," ಎಂದೆ. ಇಂಗ್ಲಿಷಿನಲ್ಲಿ ಮಕ್ಕಳಿಗೆ ಒಮ್ಮೆ, ಕನ್ನಡದಲ್ಲಿ ಹಿಂದೆ ಕೂತವರಿಗೆ ಒಮ್ಮೆ. "ನಾನು ಕೇಳಬಾರದಿತ್ತು. ಕೇಳಿದ್ದು ನಾನು, ನೀವಲ್ಲ." ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. "ಹರಿಣಾ, ಇದನ್ನು ಅಳಿಸ್ಲಿಕ್ಕೆ ಆಗ್ತದಾ?"

"ಆಗ್ತದೆ ಮಿಸ್. ನೀವು ಅಡ್ಮಿನ್, ಬೇರೆಯವರು ಹಾಕಿದ್ದನ್ನೂ ಎಲ್ಲರ ಫೋನಿಂದ ತೆಗೀಬಹುದು. ಆದ್ರೆ ಹಾಕಿ ಎರಡು ದಿನ ಹನ್ನೆರಡು ಗಂಟೆ ಆಗುವುದರ ಒಳಗೆ. ಆಮೇಲೆ ಆಗುದಿಲ್ಲ. ಯಾರಾದ್ರೂ ಈಗಾಗಲೇ ಇಳಿಸಿಕೊಂಡಿದ್ರೆ ಅದು ನಮ್ಮ ಕೈಲಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವ."

ಎರಡು ದಿನ ಹನ್ನೆರಡು ಗಂಟೆ! ಮಕ್ಕಳು ಬೆರಳು ಮಡಚಿದರು. ಸೋಮವಾರ ರಾತ್ರಿಯಿಂದ ಬುಧವಾರ ರಾತ್ರಿಗೆ ಎರಡು ದಿನ, ಮೇಲೆ ಹನ್ನೆರಡು ಗಂಟೆ. "ಟುಡೇ! ದಿಸ್ ಮಾರ್ನಿಂಗ್!" ಎಂದು ಅಶ್ಮಿತಾ ಕಿರುಚಿದಳು. ಗೋಡೆಯ ಗಡಿಯಾರದಲ್ಲಿ ಎಂಟೂ ಐವತ್ತಮೂರು.

ನಾನು ಫೋನಿನ ಮೇಲೆ ಬಿದ್ದೆ. ಕೆಳಗಿನಿಂದ, ಕೊನೆಯ ಫೋಟೋದಿಂದ ಶುರು ಮಾಡಿದೆ. ಒಂದು ಹೋಯಿತು.

"ನೋ ಮಿಸ್, ಓಲ್ಡೆಸ್ಟ್ ಫಸ್ಟ್!" ವೆನಿಸ್ಸಾ ಬೆಂಚಿನಿಂದ ಹಾರಿ ಬಂದಳು. "ಹಳೇದರ ಟೈಮ್ ಮೊದ್ಲು ಮುಗೀತದೆ!" ಆ ಹುಡುಗಿ ಕನ್ನಡ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ಅವಳು ಹೇಳಿದ್ದು ಸರಿ, ಅವಳ ಕಾರ್ಡೇ ಎಲ್ಲಕ್ಕಿಂತ ಮೊದಲು ಬಂದದ್ದು. ಮೇಲಕ್ಕೆ ಸರಿಸಿದೆ. ಬೆರಳು ಬೆವತು ಜಾರಿತು. ಗ್ರೂಪು ಎಲ್ಲೆಲ್ಲೋ ಓಡಿ ಗುಡ್ ಮಾರ್ನಿಂಗ್ ಹೂಗಳ ನಡುವೆ ನಿಂತಿತು. ಎಂಟೂ ಐವತ್ತೈದು.

"ಹರಿಣಾ, ನೀನೇ ಮಾಡು! ತಕ್ಕೋ!" ಎಂದು ಫೋನನ್ನು ಅವಳತ್ತ ಚಾಚಿದೆ.

ಅವಳು ಓಡಿ ಬಂದು ಪಕ್ಕದಲ್ಲಿ ನಿಂತಳು, ಆದರೆ ಕೈ ಮುಂದೆ ಬರಲಿಲ್ಲ. "ನಿಮ್ಮ ಫೋನ್ ಮಿಸ್, ನಿಮ್ಮ ಮಕ್ಕಳು. ನೀವೇ ಮಾಡಿ. ಆಗ್ತದೆ. ಮೆಲ್ಲ ಕೆಳಗೆ ತನ್ನಿ. ಸೋಮವಾರ ಕಾಣ್ತಾ?"

"ಕಂಡಿತು."

"ವೆನಿಸ್ಸಾಳ ಫೋಟೋ ಒತ್ತಿ ಹಿಡೀರಿ. ಈಗ ಡಿಲೀಟ್. ಎರಡು ದಾರಿ ತೋರಿಸ್ತದೆ. ಒಂದು ನಿಮಗೆ ಮಾತ್ರ, ಒಂದು ಎಲ್ಲರಿಗೂ. ಯಾವುದು?"

"ಎವ್ರಿವನ್!" ಮೂವತ್ತನಾಲ್ಕು ಮಕ್ಕಳು ಒಟ್ಟಿಗೆ ಕೂಗಿದರು. ಒತ್ತಿದೆ. ಮುಂಭಾಗ ಹೋಯಿತು. ಹಿಂಭಾಗ? "ಎವ್ರಿವನ್!" ಅದೂ ಹೋಯಿತು. ಗಡಿಯಾರದಲ್ಲಿ ಎಂಟೂ ಐವತ್ತೇಳು! ಲೂರ್ಡ್ಸ್ ತನ್ನ ಫೋನ್ ನೋಡಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕುರ್ಚಿಯಲ್ಲಿ ಕುಸಿದು ಕೂತಳು. ಮಕ್ಕಳು ಗೋಲು ಹೊಡೆದ ಹಾಗೆ ಕುಣಿದರು. ನಾನೂ ಒಂದು ಹೆಜ್ಜೆ ಕುಣಿದಿರಬೇಕು, ಆಮೇಲೆ ಬೇರೆಯವರು ಹೇಳಿದರು.

"ಫೋನನ್ನು ಪ್ರೊಜೆಕ್ಟರಿಗೆ ಕನೆಕ್ಟ್ ಮಾಡಿ ಮಿಸ್, ಎಲ್ಲರೂ ನೋಡ್ಲಿ," ಎಂದರು ಡ್ಯಾನಿಯಲ್ ಸರ್ ಉತ್ಸಾಹದಿಂದ ಮುಂದೆ ಬಂದು.

"ನೋ, ಸರ್!" ಎಂದು ಕ್ಲಾಸಿಗೆ ಕ್ಲಾಸೇ ಅರಚಿತು. ಗೋಡೆಯಷ್ಟು ದೊಡ್ಡದಾಗಿ ಎಲ್ಲರ ಕಾರ್ಡು ಕಾಣುತ್ತದಲ್ಲ! ಡ್ಯಾನಿಯಲ್ ಸರ್ ನಾಲಿಗೆ ಕಚ್ಚಿಕೊಂಡು ಬಾಗಿಲ ಹತ್ತಿರ ವಾಪಸ್ಸಾದರು. ಪೇರೆಂಟ್ಸ್ ನಕ್ಕರು. ಆ ನಗುವಿನ ನಡುವೆಯೇ ನಾನು ಮುಂದಿನ ಕಾರ್ಡಿಗೆ ಕೈ ಹಾಕಿದೆ.

ಆಮೇಲಿನ ಅರ್ಧ ಗಂಟೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅಶ್ಮಿತಾ ಬೋರ್ಡಿನಲ್ಲಿ ಒಂದರಿಂದ ಮೂವತ್ತನಾಲ್ಕರವರೆಗೆ ರೋಲ್ ನಂಬರು ಬರೆದಳು. ಒಂದೊಂದು ಕಾರ್ಡು ಹೋದಂತೆ ಆ ಮಗು ಎದ್ದು ಹೋಗಿ ತನ್ನ ನಂಬರನ್ನು ಅಳಿಸಿತು. ಪ್ರತಿ ಸಲ "ಎವ್ರಿವನ್!" ಎಂಬ ಕೂಗು. ಪಕ್ಕದ ಕ್ಲಾಸಿನ ಟೀಚರ್ ಏನಾಯಿತೆಂದು ಇಣುಕಿ ನೋಡಿದರು. ಹಿಂದೆ ಕೂತವರು ತಮ್ಮ ಫೋನಿನ ಗ್ಯಾಲರಿ ತೆರೆದು, ತಾವಾಗಿ ಇಳಿದು ಕೂತಿದ್ದ ಬೇರೆ ಮಕ್ಕಳ ಕಾರ್ಡುಗಳನ್ನು ಅಳಿಸತೊಡಗಿದರು. ಒಬ್ಬ ತಂದೆ, "ನನ್ನಲ್ಲಿ ಐವತ್ತು ಉಂಟು ಮಾರಾಯ್ರೆ, ನಾನು ನೋಡಿಯೇ ಇರ್ಲಿಲ್ಲ," ಎಂದು ಗಾಬರಿಯಿಂದ ಹೇಳಿದರು. ಒಂಬತ್ತೂ ಇಪ್ಪತ್ತಕ್ಕೆ ಬೆಲ್ ಹೊಡೆಯಿತು. ಒಂದು ಮಗುವೂ ಕದಲಲಿಲ್ಲ. ಒಂಬತ್ತೂ ಇಪ್ಪತ್ತಾರಕ್ಕೆ ಕೊನೆಯದು ಹೋಯಿತು. ಬೋರ್ಡಿನಲ್ಲಿ ಉಳಿದದ್ದು ನಾಲ್ಕನೆಯದು ಮಾತ್ರ. ಅದು ಕಂದು ಕವರಿನೊಳಗೆ ಭದ್ರವಾಗಿದ್ದ ಅಶ್ಮಿತಾಳ ನಂಬರು.

"ಮಿಸ್, ವಾಟ್ ಅಬೌಟ್ ಯುವರ್ಸ್?" ಎಂದು ಒಬ್ಬಳು ಕೇಳಿದಳು.

ನನ್ನದು! ನನ್ನ ಮಾದರಿ ಕಾರ್ಡು! ಒತ್ತಿ ಹಿಡಿದೆ. ಎರಡು ದಾರಿ ಬರಲಿಲ್ಲ, 'ನಿಮಗೆ ಮಾತ್ರ' ಎಂಬ ಒಂದೇ ದಾರಿ. ವೆನಿಸ್ಸಾ ಕೈ ಎತ್ತುವ ಮೊದಲೇ ಅದರ ಸಮಯ ಮುಗಿದಿತ್ತು. ತೊಂಬತ್ತೊಂದು ಜನರ ಬಳಿ ಫ್ರೀಡಾ ಮಿಸ್ ಹುಟ್ಟಿದ ದಿನ, ಅವಳ ಮನೆ, ಅವಳ ಆ ಭಯಂಕರ ಫೋಟೋ ಇನ್ನೂ ಹಾಗೆಯೇ ಉಂಟು. ನನಗೆ ಅಳು ಬರಬೇಕಿತ್ತು. ನಗು ಬಂತು. ಮಕ್ಕಳೂ ನಕ್ಕರು.

ಲೂರ್ಡ್ಸ್ ಹೊರಡುವಾಗ ನನ್ನ ಹತ್ತಿರ ಬಂದಳು. ಕಣ್ಣು ಇನ್ನೂ ಕೆಂಪಗಿತ್ತು. "ಸಿಟ್ಟು ಪೂರ್ತಿ ಹೋಗ್ಲಿಲ್ಲ ಮಿಸ್, ಸುಳ್ಳು ಹೇಳುದಿಲ್ಲ. ಆದ್ರೆ ನಮ್ಮ ವಾರ್ಡಲ್ಲಿ ತಪ್ಪಾದ್ರೆ, ತಪ್ಪು ಮಾಡಿದವರೇ ಮೊದಲು ಬರೆದು ಕೊಡ್ಬೇಕು. ನೀವು ಅದನ್ನೇ ಮಾಡಿದ್ರಿ." ಆಮೇಲೆ ಡ್ಯಾನಿಯಲ್ ಸರ್ ಕಡೆ ತಿರುಗಿದಳು. "ಸರ್, ನನ್ನ ಮಗಳು ಇವತ್ತು ಕಲಿತದ್ದು ವಿಡಿಯೋದಲ್ಲಿ ಬರ್ತದಾ?"

ಡ್ಯಾನಿಯಲ್ ಸರ್ ಫಾರ್ಮನ್ನು ಮಡಚಿ ಜೇಬಿಗಿಟ್ಟರು. ಎಲ್ಲರೂ ಹೋದ ಮೇಲೆ ನಮ್ಮಿಬ್ಬರ ಹತ್ತಿರ ಬಂದು ದನಿ ತಗ್ಗಿಸಿದರು. "ಸ್ಟಾಫ್ ಗ್ರೂಪಿನಲ್ಲಿ ನಾನು ಎಲ್ಲರ ಸಿವಿಲ್ ಐಡಿ ಕೇಳಿದ್ದು ಯಾವಾಗ, ನೆನಪುಂಟಾ?"

"ಕಳೆದ ತಿಂಗಳು ಸರ್," ಎಂದಳು ಹರಿಣಾಕ್ಷಿ.

"ಹಾಗಾದ್ರೆ ಅದು ಖಲಾಸ್," ಎಂದು ತಲೆ ಮೇಲೆ ಕೈ ಹೊತ್ತುಕೊಂಡು ಅವರು ಹೊರಟುಹೋದರು.

ನಾವಿಬ್ಬರೇ ಉಳಿದೆವು. ನನಗೆ ಒಳಗೊಳಗೇ ಕುದಿಯುತ್ತಿತ್ತು. "ಸೋಮವಾರವೇ ನಿಂಗೆ ಗೊತ್ತಿತ್ತು. ಹಿಡಿದು ನಿಲ್ಲಿಸಿ ಹೇಳ್ಬಾರದಿತ್ತಾ?"

"ಹೇಳ್ಬೇಕಿತ್ತು ಮಿಸ್. ಸೆಪ್ಟೆಂಬರ್‌ನ ಒಂದು ಬುಧವಾರ ಇದನ್ನೇ ಹೇಳಿದ್ದೆ, ನೀವು ಹಿಂದೆ ಕೂತು ನೋಟ್ಸ್ ತಿದ್ತಾ ಇದ್ರಿ. ಮೊನ್ನೆ ನಿಮ್ಮ ಮುಖ ನೋಡಿ ಹೆದರಿದೆ. ಲ್ಯಾಬಿನವಳು ಕ್ಲಾಸ್ ಟೀಚರಿಗೆ ತಪ್ಪು ಹೇಳೂದು ಹೇಗೆ ಅಂತ. ಮೂವತ್ತಮೂರು ಮಕ್ಕಳ ವಿಷಯದಲ್ಲಿ ಹೆದರಬಾರದಿತ್ತು. ನನ್ನದೂ ತಪ್ಪು." ಅವಳ ಕಣ್ಣು ತುಂಬಿತು. ನನಗೆ ನೋವಾಯಿತು. ಇಂಥ ಹೆಂಗಸು ಹೆದರುವ ಹಾಗೆ ಮುಖ ಇಟ್ಟುಕೊಂಡು ಓಡಾಡಿದವಳು ನಾನು.

ಗುರುವಾರ ಸಂಜೆಯೇ ನಾನು ಹಳೆಯ ಗ್ರೂಪನ್ನು ಮುಚ್ಚಿ ಹೊಸದು ಮಾಡಿದೆ. ಅರವತ್ತೆರಡೇ ಜನ, ಒಬ್ಬೊಬ್ಬರ ಹೆಸರನ್ನೂ ರಿಜಿಸ್ಟರಿಗೆ ತಾಳೆ ಹಾಕಿ. ಶುಕ್ರ, ಶನಿ ರಜೆ. ಎರಡು ದಿನವೂ ಹರಿಣಾಕ್ಷಿಯಿಂದ ಫೋನಿಲ್ಲ, ನನಗೂ ಮಾಡಲು ಧೈರ್ಯವಾಗಲಿಲ್ಲ. ಪಾಠ ಗದ್ದಲವಾಗಿತ್ತು, ಬೆಲ್ ಮೀರಿತ್ತು, ಟೀಚರಿನ ಮಾನ ಹರಾಜಾಗಿತ್ತು. ಫಾರ್ಮಿನಲ್ಲಿ ಅದಕ್ಕೆ ಎಷ್ಟು ಅಂಕ ಸಿಗುತ್ತದೆ ಎಂದು ಲೆಕ್ಕ ಹಾಕುತ್ತಾ ಕೂತೆ.

ಭಾನುವಾರ ಬೆಳಿಗ್ಗೆ ಆರೂ ಮುಕ್ಕಾಲಿಗೇ ಸ್ಕೂಲು ಮುಟ್ಟಿದೆ. ನೋಟಿಸ್ ಬೋರ್ಡಿನಲ್ಲಿ ಹೊಸ ಟೈಂಟೇಬಲ್ ಅಂಟಿಸಿದ್ದರು. ನಮ್ಮಲ್ಲಿ ಟೈಂಟೇಬಲ್ ಎಂದರೆ ಟೀಚರ್‌ಗಳ ಹೆಸರು ಮಾತ್ರ. ಆಫೀಸಿನವರದು, ಲ್ಯಾಬಿನವರದು, ಆಯಾಗಳದು ಅದರಲ್ಲಿ ಬಂದದ್ದೇ ಇಲ್ಲ. ನಾನು ಬೆರಳಿಟ್ಟು ಬುಧವಾರದ ಸಾಲಿನಲ್ಲಿ ಓದುತ್ತಾ ಹೋದೆ. ಏಳನೇ ಪಿರಿಯಡ್. ಬಸ್ಸು ಹೋದ ಮೇಲಲ್ಲ, ಸ್ಕೂಲಿನ ಹೊತ್ತಿನಲ್ಲೇ. ತರಗತಿ: ಎಲ್ಲ ಶಿಕ್ಷಕರು. ಎದುರಿಗೆ: ಹರಿಣಾಕ್ಷಿ.

ನಾನು ಕಾರಿಡಾರಿನಲ್ಲಿ ಓಡಿದೆ. ಐವತ್ತೊಂದು ವರ್ಷದ ಹೆಂಗಸು, ಮಂಡಿ ನೋವಿನವಳು, ಓಡಿದೆ! ಲ್ಯಾಬಿನ ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಅವಳನ್ನು ಒಂದೇ ಕಾಲಿನ ಶೂನಲ್ಲಿ ಎಳೆದುಕೊಂಡು ಬಂದೆ. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಆಮೇಲೆ ಚೀಲದಿಂದ ತನ್ನ ಫೋನ್ ತೆಗೆದಳು.

"ಅಶ್ಮಿತಾಳ ಪಪ್ಪನಿಗೆ ಒಂದು ಫೋಟೋ ಕಳಿಸ್ತೇನೆ ಮಿಸ್. ಅವರು ನಂಬ್ಲಿಕ್ಕಿಲ್ಲ." ಫೋನ್ ಎತ್ತಿದವಳು ತಕ್ಷಣ ಇಳಿಸಿದಳು. "ಇದರಲ್ಲಿ ಉಳಿದವರ ಹೆಸರೂ ಉಂಟಲ್ಲ."

ಸ್ಟಾಫ್ ರೂಮಿನಿಂದ ಎರಡು ಬಿಳಿ ಹಾಳೆ ತಂದಳು. ನಾನು ಒಂದನ್ನು ಅವಳ ಸಾಲಿನ ಮೇಲೆ, ಇನ್ನೊಂದನ್ನು ಕೆಳಗೆ ಒತ್ತಿ ಹಿಡಿದು ನಿಂತೆ. ಅರವತ್ತು ಜನ ಟೀಚರ್‌ಗಳು ಹಾಳೆಗಳ ಅಡಿಯಲ್ಲಿ ಮರೆಯಾದರು. ನಡುವೆ ಒಂದೇ ಒಂದು ಹೆಸರು ಉಳಿಯಿತು. ಅವಳು ಅವಸರದಲ್ಲಿ ಮತ್ತೆ ಫೋನ್ ಎತ್ತಿದಳು.

"ನಿಧಾನಕ್ಕೆ ತೆಗಿ," ಎಂದೆ. "ನಾನು ಹಿಡಿದುಕೊಂಡಿರ್ತೇನೆ."